ಕೆಡದ ಅಡೆನೈನನ್ನು ದುರಸ್ತಿ ಕಿಣ್ವ ಏಕೆ ತೆಗೆಯುತ್ತದೆ?

ಪ್ರಶ್ನೆ: ಮೇಡಂ, ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಬೋಧಿಸುತ್ತೇನೆ. ಉತ್ಕರ್ಷಣದಿಂದ (ಆಮ್ಲಜನಕದೊಂದಿಗಿನ ರಾಸಾಯನಿಕ ಕ್ರಿಯೆಯಿಂದ) ಕೆಟ್ಟ ಬೇಸ್‌ಗಳನ್ನು, ಅಂದರೆ ಡಿಎನ್‌ಎಯ ಅಕ್ಷರಗಳಂತಿರುವ ಘಟಕಗಳನ್ನು, ದುರಸ್ತಿ ಕಿಣ್ವಗಳು ತೆಗೆಯುತ್ತವೆ ಎಂದು ಪಾಠ ಮಾಡುವಾಗ, ಎಂಯುಟಿವೈಎಚ್ ಎಂಬ ಕಿಣ್ವ ಮಾತ್ರ ಕೆಡದ ಅಡೆನೈನನ್ನೇ ಏಕೆ ತೆಗೆಯುತ್ತದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ದಯವಿಟ್ಟು ವಿವರಿಸುವಿರಾ?

ಉತ್ತರ: ಆಕೆ ವಿಷಯದ ಮರ್ಮಕ್ಕೇ ಕೈಹಾಕಿದ್ದಾಳೆ. ಅಡೆನೈನ್ (ಎ), ಗ್ವಾನೈನ್ (ಜಿ), ಸೈಟೋಸಿನ್ (ಸಿ), ಥೈಮಿನ್ (ಟಿ) ಎಂಬ ನಾಲ್ಕು ಬೇಸ್‌ಗಳಲ್ಲಿ ಅತಿ ಸುಲಭವಾಗಿ ಉತ್ಕರ್ಷಣಕ್ಕೆ ಒಳಗಾಗುವುದು ಗ್ವಾನೈನ್. ಜೀವಕೋಶದ ಉಸಿರಾಟದಲ್ಲೇ ಹುಟ್ಟುವ ಚುರುಕು ಆಮ್ಲಜನಕದ ಕಣಗಳು ಅದರ ಎಂಟನೆಯ ಇಂಗಾಲಕ್ಕೆ ತಗುಲಿದರೆ 8-ಆಕ್ಸೋಗ್ವಾನೈನ್ ಉಂಟಾಗುತ್ತದೆ. ಇದು ಸೈಟೋಸಿನ್‌ನೊಂದಿಗೆ ಎಂದಿನಂತೆ ಜೋಡಿಯಾಗಬಲ್ಲದು; ಸಕ್ಕರೆಯ ಮೇಲೆ ಮಗುಚಿಕೊಂಡು ಅಡೆನೈನ್‌ನೊಂದಿಗೂ ಜೋಡಿಯಾಗಬಲ್ಲದು. ಅಪಾಯವಿರುವುದು ಇಲ್ಲಿಯೇ.

ಎದುರಿಗೆ ಸೈಟೋಸಿನ್ ಇರುವವರೆಗೆ ಓಜಿಜಿ1 ಕಿಣ್ವವು ಕೆಟ್ಟ ಬೇಸನ್ನು ಸುರುಳಿಯಿಂದ ಹೊರಕ್ಕೆ ತಿರುಗಿಸಿ, ತನ್ನ ಕುಳಿಯೊಳಗೆ ಸೇರಿಸಿಕೊಂಡು, ಸಕ್ಕರೆಯೊಂದಿಗಿನ ಬಂಧವನ್ನು ಕಡಿಯುತ್ತದೆ. ಬಳಿಕ ಬೇರೆ ಕಿಣ್ವಗಳ ಪೈಕಿ ಎಪಿಇ1 ಆ ಜಾಗವನ್ನು ಹಸನುಮಾಡಿದರೆ, ಪಾಲಿಮರೇಸ್ ಬೀಟಾ ಹೊಸ ಗ್ವಾನೈನನ್ನು ತುಂಬುತ್ತದೆ, ಲೈಗೇಸ್ ಎಳೆಯನ್ನು ಬೆಸೆಯುತ್ತದೆ. ಆದರೆ ದುರಸ್ತಿಗೆ ಮೊದಲೇ ಡಿಎನ್‌ಎ ನಕಲಾಗಿ ಎದುರಿಗೆ ಅಡೆನೈನ್ ಬಂದು ಕೂತಿದ್ದರೆ, ಇದೇ ಕೆಲಸ ಅನಾಹುತಕ್ಕೆ ದಾರಿಯಾದೀತು. ತೆಗೆದ ಜಾಗಕ್ಕೆ ಅಡೆನೈನ್‌ಗೆ ಹೊಂದುವ ಥೈಮಿನ್ ಬರುತ್ತದೆ, ಜಿ-ಸಿ ಇದ್ದಲ್ಲಿ ಟಿ-ಎ ಶಾಶ್ವತವಾಗಿ ನಿಲ್ಲುತ್ತದೆ. ಆದ್ದರಿಂದಲೇ ಓಜಿಜಿ1 ಅಂಥ ಜೋಡಿಯ ಗೊಡವೆಗೆ ಬಹುಮಟ್ಟಿಗೆ ಹೋಗುವುದಿಲ್ಲ. ಎಂಯುಟಿವೈಎಚ್ ಮೊದಲು ಅಡೆನೈನನ್ನು ಕಿತ್ತು ಸೈಟೋಸಿನ್‌ಗೆ ಎಡೆಮಾಡಿಕೊಡುತ್ತದೆ. ಓಜಿಜಿ1ರ ಸರದಿ ಆಮೇಲೆ. ಕೆಡದಿದ್ದರೂ ಆ ಅಡೆನೈನ್ ಅಲ್ಲಿ ಇರತಕ್ಕದ್ದಲ್ಲ ಎಂಬುದೇ ನಿಮ್ಮ ವಿದ್ಯಾರ್ಥಿನಿಗೆ ಉತ್ತರ.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಎಂಯುಟಿವೈಎಚ್ ಕಿಣ್ವದಲ್ಲೇ ದೋಷವಿದ್ದವರಿಗೆ ಏನಾಗುತ್ತದೆ? ಉತ್ಕರ್ಷಣ ನಿರೋಧಕ ಮಾತ್ರೆಗಳಿಂದ ಪರಿಹಾರವಿದೆಯೇ?

ಉತ್ತರ: 2002ರಲ್ಲಿ ವೇಲ್ಸ್‌ನ ಕಾರ್ಡಿಫ್‌ನ ಸಂಶೋಧಕರು ಒಂದು ಕುಟುಂಬದವರ ದೊಡ್ಡ ಕರುಳಿನ ಗೆಡ್ಡೆಗಳಲ್ಲಿ ಗೆಡ್ಡೆ ಬೆಳೆಯದಂತೆ ತಡೆಯುವ ಎಪಿಸಿ ವಂಶವಾಹಿಯನ್ನು ಪರೀಕ್ಷಿಸಿದಾಗ, ಜಿ-ಸಿ ಇದ್ದಲ್ಲಿ ಟಿ-ಎ ಬಂದಿರುವ ಬದಲಾವಣೆಗಳೇ ಮತ್ತೆ ಮತ್ತೆ ಕಂಡವು, ಆ ಜಾಡನ್ನು ಹಿಡಿದು ಅವರು ಎಂಯುಟಿವೈಎಚ್ ದೋಷವನ್ನು ತಲುಪಿದರು. ತಂದೆ ಮತ್ತು ತಾಯಿ ಇಬ್ಬರಿಂದಲೂ ಎಂಯುಟಿವೈಎಚ್ ವಂಶವಾಹಿಯ ದೋಷವುಳ್ಳ ಪ್ರತಿ ಬಂದವರಲ್ಲಿ ಕರುಳಿನಲ್ಲಿ ಹಲವಾರು ಪಾಲಿಪ್‌ಗಳು (ಒಳಪೊರೆಯ ಚಿಕ್ಕ ಗಂಟುಗಳು) ಬೆಳೆದು, ಕ್ಯಾನ್ಸರಿನ ಸಾಧ್ಯತೆ ಬಹಳ ಹೆಚ್ಚುತ್ತದೆ. ನಮ್ಮಲ್ಲಿ ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ರೂಢಿ ಇನ್ನೂ ಇರುವುದರಿಂದ ಇಂಥ ದೋಷಗಳು ಕೂಡಿಬರುವ ಅವಕಾಶ ಹೆಚ್ಚೆಂಬುದನ್ನು ತರಗತಿಯಲ್ಲಿ ಹೇಳಬಹುದು. ಮಾತ್ರೆಗಳು ಈ ಕಿಣ್ವದ ಕೆಲಸವನ್ನು ಮಾಡಲಾರವು. ಅಂಥ ಕುಟುಂಬದವರಿಗೆ ಬೇಕಾದದ್ದು ವಂಶವಾಹಿ ಪರೀಕ್ಷೆ ಮತ್ತು ವೈದ್ಯರು ಸೂಚಿಸಿದ ಅವಧಿಗೆ ತಪ್ಪದೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ). ಪಾಲಿಪ್‌ಗಳನ್ನು ಅದರಲ್ಲೇ ತೆಗೆಯಲು ಸಾಧ್ಯವಿರುತ್ತದೆ.