ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ವಾಸನೆ, ಗಾಳಿ ಊದೋ ದೊಡ್ಡ ಬ್ಲೋವರ್ ಹಾಕ್ಸ್ಬೇಕಾ?

ವಿಜಯನಗರದವ: ಮೈಸೂರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಎಸ್‌ಟಿಪಿ ಏರೇಷನ್ ಟ್ಯಾಂಕ್ (ಕೊಳಚೆ ನೀರಿಗೆ ಗಾಳಿ ಊದೋ ತೊಟ್ಟಿ) ಬೆಳಗ್ಗೆ ಹೊತ್ತು ಕೊಳೆತ ಮೊಟ್ಟೆ ವಾಸನೆ ಹೊಡೀತಿದೆ, ಹಗಲೆಲ್ಲ ಬ್ಲೋವರ್ ಓಡ್ತಾನೇ ಇರುತ್ತೆ ಆದ್ರೆ ಒಂದು ಮೂಲೇಲಿ ನೀರು ಕೊತಕೊತ ಉಕ್ಕುತ್ತೆ, ಇನ್ನೊಂದು ಕಡೆ ಅಲ್ಲಾಡೋದೇ ಇಲ್ಲ. ಮೆಂಟೆನೆನ್ಸ್‌ನೋರು ದೊಡ್ಡ ಬ್ಲೋವರ್ ಹಾಕ್ಸಿ ಅಂತಾರೆ. ಏನ್ಮಾಡೋದು?

ಪ್ಲಾಂಟ್ ಆಪರೇಟರ್: ಈಗ್ಲೇ ಬೇಡ ಸಾರ್, ದುಡ್ಡು ದಂಡ. ಉಕ್ಕೋ ಕಡೆ ಡಿಫ್ಯೂಸರ್ (ತಳದಲ್ಲಿ ಗಾಳೀನ ಸಣ್ಣ ಗುಳ್ಳೆ ಮಾಡಿ ಬಿಡೋ ಸಾಧನ) ಮೇಲಿನ ಮೆಂಬ್ರೇನ್, ಅಂದ್ರೆ ತೂತಿರೋ ಪೊರೆ, ಹರಿದಿರ್ಬೇಕು, ಗಾಳಿ ಎಲ್ಲ ಅಲ್ಲೇ ನುಗ್ಗುತ್ತೆ, ಉಳಿದವಕ್ಕೆ ಏನೂ ಸಿಗಲ್ಲ. ಸಣ್ಣ ಗುಳ್ಳೆ ನಿಧಾನಕ್ಕೆ ಮೇಲೆ ಬರುತ್ತೆ, ನೀರಿಗೆ ತಾಗೋ ಮೈನೂ ಜಾಸ್ತಿ, ಅದಕ್ಕೇ ಆಕ್ಸಿಜನ್ ಚೆನ್ನಾಗಿ ಕರಗೋದು; ದೊಡ್ಡ ಗುಳ್ಳೆ ಬುಳುಕ್ ಅಂತ ಎದ್ದು ಹೋಗ್ಬಿಡುತ್ತೆ. ಡಿಓ ಮೀಟರ್ (ನೀರಲ್ಲಿ ಕರಗಿರೋ ಆಕ್ಸಿಜನ್ ಅಳೆಯೋದು) ಇಳಿಸಿ ನೋಡಿ, ಲೀಟರ್‌ಗೆ 2 ಮಿಲಿಗ್ರಾಂ ಸುತ್ತಮುತ್ತ ಇರ್ಬೇಕು. ರಾತ್ರಿ ಟೈಮರ್ ಹಾಕಿದೀರಾ?

ವಿಜಯನಗರದವ: ಹೌದು, ಕರೆಂಟ್ ಬಿಲ್ ಜಾಸ್ತಿ ಅಂತ ರಾತ್ರಿ ಆಫ್ ಮಾಡ್ಸಿದಾರೆ.

ಮಂಡ್ಯ ಗೌಡ: ಹಂಗಾದ್ರೆ ಬೆಳಗ್ಗೆ ನಾರದೆ ಇನ್ನೇನು. ಏರೇಷನ್ ಅಂದ್ರೆ ಬರೀ ಗಾಳಿ ಕೊಡೋದಲ್ಲ, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿರೋ ಕೆಸರು) ತಳ ಕಚ್ಚದಂಗೆ ಕಲಕೋದೂ ಅದೇ, ಗಂಟೆಗಟ್ಟಲೆ ನಿಲ್ಸಿದ್ರೆ ಆಕ್ಸಿಜನ್ ಬೇಕಾದ ಬ್ಯಾಕ್ಟೀರಿಯಾ ಸೊರಗ್ತವೆ, ತಳದಲ್ಲಿ ಹೈಡ್ರೋಜನ್ ಸಲ್ಫೈಡ್, ಅದೇ ಆ ಕೊಳೆತ ಮೊಟ್ಟೆ ವಾಸನೆ ಗ್ಯಾಸ್, ಹುಟ್ಟುತ್ತೆ. ಉಳಿಸ್ಬೇಕಂದ್ರೆ ಬ್ಲೋವರ್‌ಗೆ ವಿಎಫ್‌ಡಿ (ಮೋಟರ್ ಸ್ಪೀಡ್ ಹೆಚ್ಚು ಕಮ್ಮಿ ಮಾಡೋ ಸಾಧನ) ಹಾಕ್ಸಿ, ಸ್ಪೀಡ್ ಕಮ್ಮಿ ಮಾಡಿ ಓಡ್ಸಿ. ಇನ್ನೊಂದು, ಕೈ ಮುಗಿದು ಕೇಳ್ಕೊಳ್ತೀನಿ ಅಣ್ಣ, ಡಿಫ್ಯೂಸರ್ ಬದಲಾಯ್ಸಕ್ಕೆ ಅಂತ ಯಾವ ಹುಡುಗನ್ನೂ ಹಂಗೇ ಒಳಕ್ಕೆ ಇಳಿಸ್ಬೇಡಿ, ಆ ಗ್ಯಾಸ್ ಜಾಸ್ತಿ ಇದ್ರೆ ವಾಸನೇನೇ ಗೊತ್ತಾಗಲ್ಲ, ಜೀವ ಹೋಗುತ್ತೆ. ಮೇಲಿಂದಾನೇ ಎತ್ತೋ ಡಿಫ್ಯೂಸರ್ ಸಿಗ್ತವೆ, ಅದನ್ನೇ ಹಾಕ್ಸಿ.