ಮಂಡಿಯ ಸರ್ವರ್‌ಗೆ ಎರಡು ಬಾರಿ ಬೀಗ, ಜೊತೆಗೆ ಇಮೇಲ್ ವಂಚನೆ ಮತ್ತು ಬೆದರಿಕೆ: ಮೊದಲು ಯಾವುದನ್ನು ಸರಿಪಡಿಸಬೇಕು?

ಮಂಡಿ ಲೆಕ್ಕಿಗ (ಕೋಲಾರ):

ಮಾನ್ಯರೇ, ಕೋಲಾರದ ಎಪಿಎಂಸಿ ಪ್ರಾಂಗಣದ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆರು ಕಂಪ್ಯೂಟರುಗಳಿದ್ದು, ರೈತರ ಖಾತೆ, ಹರಾಜಿನ ಪಟ್ಟಿ, ಹೊರರಾಜ್ಯದ ವ್ಯಾಪಾರಿಗಳ ಬಾಕಿ ಎಲ್ಲವೂ ಅವುಗಳಲ್ಲೊಂದರ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿವೆ. ಅದನ್ನೇ ನಾವು ಸರ್ವರ್ ಎನ್ನುತ್ತೇವೆ.

ಸೋಮವಾರ ಒಬ್ಬ ವ್ಯಾಪಾರಿ ಕರೆ ಮಾಡಿ, ನಾವು ಇಮೇಲ್‌ನಲ್ಲಿ ತಿಳಿಸಿದ ಹೊಸ ಬ್ಯಾಂಕ್ ಖಾತೆಗೆ ಹಣ ಹಾಕಿರುವುದಾಗಿ ಹೇಳಿದರು. ಅಂಥ ಇಮೇಲನ್ನು ನಾವು ಬರೆದೇ ಇರಲಿಲ್ಲ. ಬುಧವಾರ ಬೆಳಿಗ್ಗೆ ಸರ್ವರ್‌ನ ಯಾವ ಕಡತವೂ ತೆರೆಯಲಿಲ್ಲ; ಯಾರೋ ಅವನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿದ್ದರು. ಸದಾ ಸಿಕ್ಕಿಸಿಯೇ ಇರುತ್ತಿದ್ದ ಬ್ಯಾಕಪ್ ಡಿಸ್ಕಿನ ಗತಿಯೂ ಅದೇ ಆಗಿತ್ತು. ಮಾಲೀಕರ ಮನೆಯಲ್ಲಿ ಹದಿನೈದು ದಿನ ಹಳೆಯದಾದ ಇನ್ನೊಂದು ಡಿಸ್ಕ್ ಇದ್ದುದರಿಂದ ಗುರುವಾರ ಅದರಿಂದ ಡೇಟಾ ಮರಳಿ ಹಾಕಿದೆವು. ಶುಕ್ರವಾರ ಬೆಳಿಗ್ಗೆ ನೋಡಿದರೆ ಮತ್ತೆ ಬೀಗ! ಪುಣ್ಯಕ್ಕೆ ಆ ಡಿಸ್ಕನ್ನು ಗುರುವಾರ ಸಂಜೆಯೇ ಕಳಚಿದ್ದೆವು. ಈಗ ಹಣ ಕೊಡದಿದ್ದರೆ ರೈತರ ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳನ್ನು ಬಹಿರಂಗಪಡಿಸುತ್ತೇವೆಂಬ ಬೆದರಿಕೆಯೂ ಬಂದಿದೆ. ಈ ಮೂರರಲ್ಲಿ ಮೊದಲು ಯಾವುದನ್ನು ಹಿಡಿಯಬೇಕೆಂದು ತಿಳಿಯುತ್ತಿಲ್ಲ.

ಹಳೇ ರೂಟರ್:

ಹಣದ ವಿಷಯ ತಡಮಾಡುವಂಥದ್ದಲ್ಲ. ಹಣ ಹಾಕಿದ ವ್ಯಾಪಾರಿಯೇ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವಹಿವಾಟಿನ ಸಂಖ್ಯೆ ಕೊಡಲಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆಗಲೇ. ನೀವು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಿ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಘಟಕವಾದ ಸರ್ಟ್-ಇನ್‌ಗೆ ವರದಿ ಮಾಡಬೇಕು. ಆ ಗಡುವು ಮೀರಿದ್ದರೂ ವರದಿ ಮಾಡಿ.

ತಂತಿ ಮೇಸ್ತ್ರಿ (ತುಮಕೂರು):

ಲೆಕ್ಕಿಗರೇ, ತಾವು ಇವನ್ನು ಮೂರು ಸಮಸ್ಯೆಗಳೆಂದು ಎಣಿಸುತ್ತಿದ್ದೀರಿ. ನನಗೆ ಇದು ಒಂದೇ ಬಾಗಿಲಿನಿಂದ ಬಂದ ಕಳ್ಳತನದಂತೆ ಕಾಣುತ್ತದೆ. ಬಾಗಿಲು ಹುಡುಕದೆ ಡೇಟಾ ಮರಳಿ ಹಾಕಿದ್ದರಿಂದಲೇ ಎರಡನೇ ಬಾರಿ ಬೀಗ ಬಿದ್ದಿದೆ.

ಸರ್ವರ್‌ನ ನೆಟ್‌ವರ್ಕ್ ತಂತಿಯನ್ನು ಕಿತ್ತುಬಿಡಿ, ಆದರೆ ಸದ್ಯಕ್ಕೆ ಯಂತ್ರ ಆಫ್ ಮಾಡಬೇಡಿ. ಮೆಮೊರಿಯಲ್ಲಿರುವ ಸುಳಿವುಗಳು ಅಳಿಸಿಹೋಗುತ್ತವೆ. ಬಳಿಕ ಇವೆಂಟ್ ವ್ಯೂವರ್ ತೆರೆದು, ಯಾರು ಯಾವಾಗ ಲಾಗಿನ್ ಆದರೆಂಬ ದಾಖಲೆಯಾದ ಸೆಕ್ಯುರಿಟಿ ಲಾಗನ್ನು ಹೊಸ ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳಿ, ಅದನ್ನು ಮತ್ತೆಲ್ಲಿಗೂ ಸಿಕ್ಕಿಸಬೇಡಿ. ವಿಂಡೋಸ್‌ನಲ್ಲಿ ಈ ಲಾಗ್‌ಗೆ ತಾನಾಗಿ ಸಿಗುವ ಜಾಗ 20 ಎಂಬಿ ಮಾತ್ರ; ಯಾರೋ ಹೊರಗಿನಿಂದ ಸಾವಿರಾರು ಪಾಸ್‌ವರ್ಡ್ ಪ್ರಯತ್ನಿಸುತ್ತಿದ್ದರೆ ಅದು ಬೇಗನೆ ತುಂಬಿ ಹಳೆಯ ಸಾಲುಗಳು ಹೋಗುತ್ತವೆ. ಅದರಲ್ಲಿ 4625 ಎಂದರೆ ವಿಫಲ ಲಾಗಿನ್, 4624 ಎಂದರೆ ಯಶಸ್ವಿ ಲಾಗಿನ್. 4625ರ ದೊಡ್ಡ ಸಾಲಿನ ಕೊನೆಗೆ, ಮಂಡಿ ಮುಚ್ಚಿರುವ ಹೊತ್ತಿನಲ್ಲಿ ಒಂದು 4624 ಕಂಡರೆ ಬಾಗಿಲು ಸಿಕ್ಕಿತೆಂದೇ ತಿಳಿಯಿರಿ.

ನನ್ನ ಗುಮಾನಿ, ದೂರದಿಂದಲೇ ಕಂಪ್ಯೂಟರ್ ಬಳಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ಮೇಲೆ. ಯಾರಾದರೂ ಮನೆಯಿಂದ ಟ್ಯಾಲಿ ನೋಡಲೆಂದು ರೂಟರ್‌ನಲ್ಲಿ ಅದರ ದಾರಿಯಾದ 3389 ಪೋರ್ಟ್ ತೆರೆದಿಟ್ಟಿದ್ದಾರೆಯೇ ಪರೀಕ್ಷಿಸಿ. ಸರ್ವರ್‌ನ ಬ್ರೌಸರ್‌ನಲ್ಲೇ ಮಂಡಿಯ ಇಮೇಲ್ ಪಾಸ್‌ವರ್ಡ್ ಉಳಿಸಿದ್ದರೆ ಅದೂ ಅವರ ಕೈಸೇರಿದೆ. ಹೀಗಾಗಿ ಇಮೇಲ್ ಪಾಸ್‌ವರ್ಡನ್ನು ಈ ಆರರಲ್ಲಿ ಯಾವುದರಿಂದಲೂ ಬದಲಿಸದೆ, ಬೇರೊಂದು ಶುದ್ಧ ಯಂತ್ರದಿಂದ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಬಹಳ ಮಂದಿ ಮರೆಯುವ ಒಂದು ಸಂಗತಿಯಿದೆ: ಕಳ್ಳರು ಫಾರ್ವರ್ಡ್ ನಿಯಮವೊಂದನ್ನು ಇಟ್ಟು ಹೋಗಿದ್ದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ನಿಮ್ಮ ಪತ್ರಗಳ ಪ್ರತಿ ಅವರಿಗೆ ಹೋಗುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕಿ ತೆಗೆಯಿರಿ.

ಮಂಡಿ ಲೆಕ್ಕಿಗ:

ತಾವು ಹೇಳಿದ್ದು ಅಕ್ಷರಶಃ ನಿಜವಾಯಿತು. 3389 ತೆರೆದೇ ಇತ್ತು. ಲಾಗ್‌ನಲ್ಲಿ ಬುಧವಾರಕ್ಕಿಂತ ಹಿಂದಿನದು ಉಳಿದಿಲ್ಲ, ಆದರೆ ಗುರುವಾರ ರಾತ್ರಿ 2 ಗಂಟೆ 10 ನಿಮಿಷಕ್ಕೆ ‘ಟ್ಯಾಲಿ’ ಎಂಬ ಹೆಸರಿನಲ್ಲಿ ಯಶಸ್ವಿ ಲಾಗಿನ್ ಇದೆ. ಅದರ ಪಾಸ್‌ವರ್ಡ್ ಕೂಡ ಟ್ಯಾಲಿ123 ಎಂದೇ ಇತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ‘ಪೇಮೆಂಟ್’ ಎಂಬ ಪದವಿರುವ ಪತ್ರಗಳನ್ನೆಲ್ಲ ಅಪರಿಚಿತ ವಿಳಾಸಕ್ಕೆ ಕಳಿಸುವ ನಿಯಮವೂ ಸಿಕ್ಕಿತು. ಇನ್ನು ಬೀಗ ಬಿದ್ದ ಕಡತಗಳನ್ನು ಅಳಿಸಬಹುದೇ? ಹಣ ಕೊಟ್ಟು ಮುಗಿಸೋಣವೆಂದು ಮಾಲೀಕರು ಹೇಳುತ್ತಿದ್ದಾರೆ.

ತಂತಿ ಮೇಸ್ತ್ರಿ:

ಅಳಿಸಬೇಡಿ. ಆ ಹಾರ್ಡ್‌ಡಿಸ್ಕನ್ನೇ ಕಳಚಿ ಎತ್ತಿಡಿ. ಅದು ಪೊಲೀಸರಿಗೆ ಸಾಕ್ಷ್ಯ. 2016ರಲ್ಲಿ ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಎರಡು ಭದ್ರತಾ ಕಂಪನಿಗಳ ಜೊತೆ ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ. ಇಂದು ಇಲ್ಲದ ಕೀಲಿ ಮುಂದೆ ಬರಲೂಬಹುದು.

ಹಣ ಕೊಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಏಕೆಂದರೆ ಹಣ ಪಡೆದವರು ತಮ್ಮಲ್ಲಿರುವ ಆಧಾರ್ ಪ್ರತಿಗಳನ್ನು ನಾಶಮಾಡಿದರೆಂದು ತಿಳಿಯುವ ದಾರಿಯೇ ಇಲ್ಲ. ಅದರ ಬದಲು ಮಂಡಿಗೆ ಬರುವ ರೈತರಿಗೆ ನೀವೇ ನೇರವಾಗಿ ವಿಷಯ ತಿಳಿಸಿ. ಮಂಡಿಯ ಹೆಸರು ಹೇಳಿ ಯಾರೇ ಒಟಿಪಿ ಕೇಳಿದರೂ ಕೊಡಬಾರದೆಂದು ಹರಾಜಿನ ಕಟ್ಟೆಯಲ್ಲೇ ಬೋರ್ಡು ಹಾಕಿಸಿ. ಅಳುಕಿನ ಕೆಲಸವೇ, ಆದರೂ ಅವರಿಗೆ ಈ ಸುದ್ದಿ ಕಳ್ಳರ ಬಾಯಿಂದ ಹೋಗಬಾರದು.

ಹೊಸ ಹಾರ್ಡ್‌ಡಿಸ್ಕ್ ಹಾಕಿ ವಿಂಡೋಸನ್ನು ಮೊದಲಿನಿಂದ ಸ್ಥಾಪಿಸಿ. ಉಳಿದ ಐದು ಕಂಪ್ಯೂಟರುಗಳನ್ನೂ ಹೀಗೆ ಶುದ್ಧಗೊಳಿಸದೆ ಬಿಡಬೇಡಿ. 3389 ಮುಚ್ಚಿ, ಮನೆಯಿಂದ ಕೆಲಸ ಅನಿವಾರ್ಯವಾದರೆ ವಿಪಿಎನ್ ಎಂಬ ಸುರಕ್ಷಿತ ಖಾಸಗಿ ಸಂಪರ್ಕದ ಮೂಲಕ ಮಾತ್ರ. ಇಷ್ಟಾದ ಮೇಲೆಯೇ ಮಾಲೀಕರ ಮನೆಯ ಡಿಸ್ಕ್ ತನ್ನಿ, ಅದರ ಇನ್ನೊಂದು ಪ್ರತಿ ಮಾಡಿಕೊಂಡು ಆ ಪ್ರತಿಯಿಂದ ಟ್ಯಾಲಿ ತುಂಬಿಸಿ.

ಮಂಡಿ ಲೆಕ್ಕಿಗ:

ಮಾಲೀಕರು ಒಪ್ಪಿದ್ದಾರೆ, ಬೋರ್ಡೂ ಹಾಕಿಸಿದ್ದೇವೆ. ಕಳೆದುಹೋದ ಹದಿನೈದು ದಿನಗಳ ಲೆಕ್ಕವನ್ನು ರೈತರಿಗೆ ಕೊಟ್ಟ ಬಿಲ್ಲುಗಳ ಕಾರ್ಬನ್ ಪ್ರತಿ ನೋಡಿ ಇಬ್ಬರು ಕೂತು ತುಂಬಿಸುತ್ತಿದ್ದೇವೆ. ಬೆವರು ತಾಗಿ ಮಾಸಿದ ಕೆಲವು ಹಾಳೆಗಳಲ್ಲಿ 15 ಕೆಜಿ ಬಾಕ್ಸುಗಳ ಎಣಿಕೆ ಮೂರೋ ಎಂಟೋ ಎಂದು ಆಯಾ ರೈತರನ್ನೇ ಕೇಳಬೇಕಾಗಿದೆ. ಬ್ಯಾಂಕ್ ಖಾತೆ ಬದಲಾದರೆ ಹಳೆಯ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಹಾಕಬಾರದೆಂದು ಎಲ್ಲ ವ್ಯಾಪಾರಿಗಳಿಗೂ ತಿಳಿಸಿದ್ದೇವೆ. ಇನ್ನು ಎರಡು ಡಿಸ್ಕುಗಳನ್ನು ದಿನ ಬಿಟ್ಟು ದಿನ ಬದಲಿಸಿದರೆ ಸಾಕೇ?

ತಂತಿ ಮೇಸ್ತ್ರಿ:

ಸಾಕು, ಪ್ರತಿ ತೆಗೆದ ತಕ್ಷಣ ಡಿಸ್ಕ್ ಕಳಚಿ, ಒಂದು ಯಾವಾಗಲೂ ಮಂಡಿಯ ಹೊರಗಿರಬೇಕು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಆ ಡೇಟಾ ತೆರೆದು, ಯಾರಾದರೊಬ್ಬ ರೈತರ ಬಾಕಿಯನ್ನು ಪುಸ್ತಕದೊಂದಿಗೆ ತಾಳೆ ನೋಡಿ.