ಅಕ್ಟೋಬರ್‌ನಲ್ಲಿ ಟರ್ಕಿ, 9 ದಿನದ ಗೈಡೆಡ್ ಪ್ಯಾಕೇಜ್: ಅಪ್ಪ-ಅಮ್ಮನ ಜೊತೆ ಈ ಪಟ್ಟಿ ನಡೆಯುತ್ತಾ?

ಹೊಯ್ಸಳ_ಹಾದಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಎರಡನೇ ವಾರ ಟರ್ಕಿಗೆ ಹೊರಡುವ ಯೋಚನೆ ಇದೆ. ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ. ಅಪ್ಪ ನಿವೃತ್ತ ಇತಿಹಾಸದ ಮೇಷ್ಟ್ರು, ಹಳೆಯ ಕಲ್ಲು ಕಂಡರೆ ಅಲ್ಲೇ ನಿಂತುಬಿಡುತ್ತಾರೆ. ಅಮ್ಮನಿಗೆ ಮಂಡಿನೋವು. ಸಮತಟ್ಟಾದ ಜಾಗದಲ್ಲಿ ಒಂದು ಗಂಟೆ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಇಬ್ಬರೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಟೂರ್‌ನವರು ಕೊಟ್ಟ ಪಟ್ಟಿ ಹೀಗಿದೆ:

ಸೋಮವಾರ ಇಸ್ತಾಂಬುಲ್ ತಲುಪುವುದು. ಮಂಗಳವಾರ ಹಗಿಯಾ ಸೋಫಿಯಾ, ನೀಲಿ ಮಸೀದಿ, ಟೋಪ್‌ಕಾಪಿ ಅರಮನೆ, ಬೆಸಿಲಿಕಾ ಸಿಸ್ಟರ್ನ್ (ನೆಲದಡಿಯ ಹಳೆಯ ನೀರಿನ ತೊಟ್ಟಿ), ಗ್ರ್ಯಾಂಡ್ ಬಜಾರ್, ಸಂಜೆ ಬಾಸ್ಫರಸ್ ಕ್ರೂಸ್. ಬುಧವಾರ ಬಸ್ಸಿನಲ್ಲಿ ಅಂಕಾರಾ ಮೇಲೆ ಕಪಡೋಕಿಯಾ. ಗುರುವಾರ ಅಲ್ಲಿನ ಗೋರೆಮೆ, ಭೂಗತ ನಗರ, ಅವಾನೋಸ್ ಕುಂಬಾರಿಕೆ. ಶುಕ್ರವಾರ ಬೆಳಿಗ್ಗೆ ಬಲೂನ್, ನಂತರ ಕೊನ್ಯಾ ಮೇಲೆ ಪಾಮುಕ್ಕಲೆ (ಬಿಳಿ ಸುಣ್ಣಕಲ್ಲಿನ ಬೆಟ್ಟ, ಅದರ ಮೇಲೆ ನೀರಿನ ಕೊಳಗಳು). ಶನಿವಾರ ಪಾಮುಕ್ಕಲೆ, ಸಂಜೆ ಕುಶಾದಸಿ. ಭಾನುವಾರ ಎಫೆಸಸ್ (ಹಳೆಯ ರೋಮನ್ ಪಟ್ಟಣದ ಅವಶೇಷ). ಸೋಮವಾರ ಬಸ್ಸಿನಲ್ಲಿ ಇಸ್ತಾಂಬುಲ್. ಮಂಗಳವಾರ ವಾಪಸ್.

ಇದರಲ್ಲಿ ಏನು ಬದಲಾಯಿಸಬೇಕು? ಊಟದ ಗತಿ ಏನು?

---

ಹೆದ್ದಾರಿ_ಹುಬ್ಬಳ್ಳಿ

ಅಕ್ಟೋಬರ್ ಸರಿಯಾದ ತಿಂಗಳು, ಊರುಗಳ ಆಯ್ಕೆಯೂ ಚೆನ್ನಾಗಿದೆ. ಕೆಟ್ಟಿರುವುದು ಕ್ರಮ. ಯಾವ ಪ್ಯಾಕೇಜನ್ನೇ ನೋಡಿ, ಎಷ್ಟು ಜಾಗ ಇದೆ ಅಂತ ಎಣಿಸಬೇಡಿ, ಬಸ್ಸಿನಲ್ಲಿ ಎಷ್ಟು ಗಂಟೆ, ಜಾಗದಲ್ಲಿ ಎಷ್ಟು ಗಂಟೆ ಅಂತ ಎಣಿಸಿ.

ಮೊದಲನೆಯದು, ಟೋಪ್‌ಕಾಪಿಗೆ ವಾರದ ರಜೆಯೇ ಮಂಗಳವಾರ. ಪಟ್ಟಿ ಬರೆದವರು ವಾರ ನೋಡಿಲ್ಲ. ಅದನ್ನು ಕೊನೆಯ ಸೋಮವಾರಕ್ಕೆ ಹಾಕಿಸಿ. ಸೋಮವಾರ ದೋಲ್ಮಾಬಾಹ್ಚೆ ಅರಮನೆ ಮುಚ್ಚಿರುತ್ತದೆ, ಹಾಗಾಗಿ 'ಅದರ ಬದಲು ಇದು' ಅಂದರೆ ಒಪ್ಪಬೇಡಿ. ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ರಜೆ, ನಿಮಗೆ ಅದರಿಂದ ತೊಂದರೆ ಇಲ್ಲ.

ಎರಡನೆಯದು ಬುಧವಾರದ ಬಸ್ಸು. ಅಂಕಾರಾವರೆಗೆ 450 ಕಿ.ಮೀ., ಅಲ್ಲಿಂದ ಗೋರೆಮೆಗೆ ಇನ್ನೂ ಸುಮಾರು 300. ನಿಲುಗಡೆ ಸೇರಿದರೆ 10 ಗಂಟೆ ದಾಟುತ್ತದೆ. ಮಂಡಿನೋವಿನವರಿಗೆ ನಡಿಗೆಗಿಂತ ಕಾಲು ಮಡಚಿ ಕೂರುವುದೇ ಹೆಚ್ಚು ನೋವು ಕೊಡುತ್ತದೆ. ಇಸ್ತಾಂಬುಲ್‌ನಿಂದ ಕೈಸೆರಿ ಅಥವಾ ನೆವ್‌ಶೆಹಿರ್‌ಗೆ ವಿಮಾನದಲ್ಲಿ ಒಂದೂಕಾಲು ಗಂಟೆಯ ದಾರಿ. ಗೋರೆಮೆಗೆ ಕೈಸೆರಿಯಿಂದ ಸುಮಾರು 75 ಕಿ.ಮೀ., ನೆವ್‌ಶೆಹಿರ್‌ನಿಂದ ಸುಮಾರು 40. ಇಸ್ತಾಂಬುಲ್‌ಗೆ ಎರಡು ವಿಮಾನ ನಿಲ್ದಾಣಗಳಿವೆ, ಸಬಿಹಾ ಗೊಕ್ಚೆನ್ ಇರುವುದು ಏಷ್ಯಾ ಭಾಗದಲ್ಲಿ. ಟಿಕೆಟ್ ಯಾವ ನಿಲ್ದಾಣದಿಂದ ಅಂತ ನೋಡಿಯೇ ಒಪ್ಪಿ, ಟ್ರಾಫಿಕ್‌ನಲ್ಲಿ ಊರು ದಾಟುವುದಕ್ಕೇ ಎರಡು ಗಂಟೆ ಹೋಗುತ್ತದೆ. ಒಳನಾಡಿನ ವಿಮಾನಗಳಲ್ಲಿ ಲಗೇಜ್ ಮಿತಿ ಹೆಚ್ಚಾಗಿ 15 ಕೆ.ಜಿ., ಅಗ್ಗದ ಟಿಕೆಟ್‌ನಲ್ಲಿ ಅದೂ ಇರದಿರಬಹುದು.

ಮೂರನೆಯದು ಬಲೂನ್. ಪ್ರತಿದಿನ ನಸುಕಿನಲ್ಲಿ ಗಾಳಿ ನೋಡಿ ಅಲ್ಲಿನ ನಾಗರಿಕ ವಿಮಾನಯಾನ ಇಲಾಖೆ ಅನುಮತಿ ಕೊಟ್ಟರೆ ಮಾತ್ರ ಬಲೂನ್ ಏರುತ್ತದೆ. ಕಂಪನಿಯವರ ಕೈಯಲ್ಲಿ ಏನೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಬಲೂನ್ ಇರುವುದು ಊರು ಬಿಡುವ ದಿನ. ಅವತ್ತು ಗಾಳಿ ಜೋರಾದರೆ ದುಡ್ಡು ವಾಪಸ್ ಬರುತ್ತದೆ, ಬಲೂನ್ ಹೋಯಿತು. ಗುರುವಾರ ಬೆಳಿಗ್ಗೆಗೆ ಬುಕ್ ಮಾಡಿಸಿ, ಅದು ರದ್ದಾದರೆ ಬೇಕಾಗುತ್ತದೆ ಅಂತ ಶುಕ್ರವಾರ ಬೆಳಿಗ್ಗೆ ಖಾಲಿ ಇರಲಿ.

ಶುಕ್ರವಾರದ ಪ್ರಯಾಣವಂತೂ ಆಗದ ಮಾತು. ನಸುಕಿಗೆ ಎದ್ದು ಬಲೂನ್ ಹತ್ತಿ, ಆಮೇಲೆ ಗೋರೆಮೆಯಿಂದ ಕೊನ್ಯಾಕ್ಕೆ ಸುಮಾರು 230, ಕೊನ್ಯಾದಿಂದ ಪಾಮುಕ್ಕಲೆಗೆ ಸುಮಾರು 400 ಕಿ.ಮೀ. ಇದನ್ನು ಎರಡು ದಿನಕ್ಕೆ ಒಡೆಸಿ. ಶುಕ್ರವಾರ ದಾರಿಯಲ್ಲಿ ಸುಲ್ತಾನ್‌ಹಾನಿ ನೋಡಿ, ಅದು 1229ರಲ್ಲಿ ಸೆಲ್ಜುಕ್ ಸುಲ್ತಾನ ಕಟ್ಟಿಸಿದ ವ್ಯಾಪಾರಿಗಳ ಛತ್ರ. ಬಾಗಿಲಿನ ಮೇಲಿನ ಕಲ್ಲಿನ ಕೆತ್ತನೆಗೇ ಅರ್ಧ ಗಂಟೆ ಕೊಡಬೇಕು. ಮಧ್ಯಾಹ್ನ ಕೊನ್ಯಾದಲ್ಲಿ ಸೂಫಿ ಕವಿ ರೂಮಿಯ ಸಮಾಧಿ, ರಾತ್ರಿ ಅಲ್ಲೇ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಪಾಮುಕ್ಕಲೆ. ಭಾನುವಾರ ಬೆಳಿಗ್ಗೆ 8ಕ್ಕೆ ಹೊರಟರೆ ಸುಮಾರು 190 ಕಿ.ಮೀ., 11ರ ಸುಮಾರಿಗೆ ಎಫೆಸಸ್, ಸಂಜೆ ಇಜ್ಮಿರ್‌ನಿಂದ ಇಸ್ತಾಂಬುಲ್‌ಗೆ ವಿಮಾನ. ಕುಶಾದಸಿಯ ಒಂದು ರಾತ್ರಿ ಬಿಟ್ಟರೆ ಇಷ್ಟೆಲ್ಲ ಸರಿಹೋಗುತ್ತದೆ. ಅದು ಹಡಗಿನ ಪ್ರವಾಸಿಗರ ಊರು, ಬಿಟ್ಟರೆ ನಿಮಗೇನೂ ನಷ್ಟವಿಲ್ಲ.

ಟೂರ್‌ನವರಿಗೆ ಬರವಣಿಗೆಯಲ್ಲಿ ಕೇಳಬೇಕಾದ್ದು: ಯಾವ ಯಾವ ಜಾಗದ ಒಳಗಿನ ಟಿಕೆಟ್ ಸೇರಿದೆ? ಪಟ್ಟಿಯಲ್ಲಿ 'ಪನೋರಮಿಕ್' ಅಂತ ಬರೆದಿದ್ದರೆ ಬಸ್ಸಿನ ಕಿಟಕಿಯಿಂದ ತೋರಿಸುತ್ತಾರೆ ಅಂತಲೇ ತಿಳಿಯಿರಿ. ರತ್ನಗಂಬಳಿ, ಚರ್ಮ, ಪಿಂಗಾಣಿ ಅಂಗಡಿಗಳಿಗೆ ಎಷ್ಟು ನಿಲುಗಡೆ, ತಲಾ ಎಷ್ಟು ಹೊತ್ತು? ಅಲ್ಲಿನ ಗೈಡ್ ಸರ್ಕಾರದ ಪರವಾನಗಿ ಇರುವವರಾ? ಟರ್ಕಿಯಲ್ಲಿ ಪರವಾನಗಿ ಇಲ್ಲದವರು ಸ್ಮಾರಕಗಳಲ್ಲಿ ವಿವರಣೆ ಕೊಡುವಂತಿಲ್ಲ. ಇಲ್ಲಿಂದ ಜೊತೆಗೆ ಬರುವ ಟೂರ್ ಮ್ಯಾನೇಜರ್ ಊಟ, ರೂಮು ನೋಡಿಕೊಳ್ಳುತ್ತಾರೆ, ಇತಿಹಾಸ ಹೇಳುವವರು ಬೇರೆ.

---

ಕಲ್ಲು_ಕಂಬ

ಮೇಲಿನವರು ದಾರಿಯ ಬಗ್ಗೆ ಹೇಳಿದ್ದಾರೆ, ನಾನು ಜಾಗಗಳ ಒಳಗಿನದು ಹೇಳುತ್ತೇನೆ, ಅದರಲ್ಲೂ ಅಮ್ಮನ ಮಂಡಿಯನ್ನು ಲೆಕ್ಕಕ್ಕಿಟ್ಟುಕೊಂಡು.

ಎಫೆಸಸ್‌ಗೆ ಎರಡು ಗೇಟು. ಮೇಲಿನ ಗೇಟಿನಲ್ಲಿ ಇಳಿದು ಕೆಳಗಿನ ಗೇಟಿನಲ್ಲಿ ಹೊರಬರಬೇಕು, ಬಸ್ಸು ಸುತ್ತಿ ಬಂದು ಅಲ್ಲಿ ಕಾಯಬೇಕು. ಆಗ ಇಡೀ ದಾರಿ ಇಳಿಜಾರು, ಎರಡೂವರೆ ಗಂಟೆಯಲ್ಲಿ ನಿಧಾನವಾಗಿ ಮುಗಿಯುತ್ತದೆ. ಒಂದೇ ಗೇಟಿನಲ್ಲಿ ಒಳಗೂ ಹೊರಗೂ ಅಂದರೆ ಹತ್ತುವುದು ತಪ್ಪುವುದಿಲ್ಲ. ಕುರೇಟಸ್ ಬೀದಿಯ ಅಮೃತಶಿಲೆ ಶತಮಾನಗಳ ತುಳಿತಕ್ಕೆ ನುಣುಪಾಗಿದೆ, ಮಳೆ ಬಿದ್ದರೆ ಜಾರುತ್ತದೆ. ರಬ್ಬರ್ ತಳದ ಶೂ, ಅಮ್ಮನಿಗೆ ಒಂದು ಕೋಲು. ಶೌಚಾಲಯ, ನೀರು ಎಲ್ಲ ಗೇಟಿನ ಹತ್ತಿರವೇ ಮುಗಿಸಿಕೊಳ್ಳಿ. ಒಳಗೆ ನೆರಳೂ ಕಡಿಮೆ, ಟೋಪಿ ಬೇಕು.

ನಡುದಾರಿಯಲ್ಲಿ ಟೆರೇಸ್ ಹೌಸ್ ಅಂತ ಶ್ರೀಮಂತ ರೋಮನ್ನರ ಮನೆಗಳಿವೆ, ಟಿಕೆಟ್ ಬೇರೆ. ಭಿತ್ತಿಚಿತ್ರ, ನೆಲದ ಮೊಸಾಯಿಕ್ ಎಲ್ಲ ಛಾವಣಿಯ ಕೆಳಗೆ ಚೆನ್ನಾಗಿ ಉಳಿದಿವೆ. ಆದರೆ ಒಳಗೆ ಪೂರ್ತಿ ಮೆಟ್ಟಿಲು, ಅರ್ಧಕ್ಕೆ ಹಿಂದಿರುಗುವುದು ಸುಲಭವಲ್ಲ. ಅಪ್ಪ ಹೋಗಲಿ, ಅಮ್ಮ ಸೆಲ್ಸಸ್ ಗ್ರಂಥಾಲಯದ ಎದುರು ಕೂತಿರಲಿ. ಆ ಗ್ರಂಥಾಲಯದ ಮುಂಭಾಗವನ್ನು ಅಪ್ಪನಿಗೆ ಸಾವಕಾಶವಾಗಿ ತೋರಿಸಿ. ನಡುವಿನ ಕಂಬಗಳು ಅಂಚಿನ ಕಂಬಗಳಿಗಿಂತ ದೊಡ್ಡವು, ಅದರಿಂದ ಕಟ್ಟಡ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಓಲೆಸುರುಳಿಗಳಿಗೆ ತೇವ ತಾಗದಿರಲಿ ಅಂತ ಗೋಡೆ ಎರಡು ಪದರ, ನಡುವೆ ಗಾಳಿಯಾಡುವ ಸಂದು. ಕೆಳಗೆ ಸೆಲ್ಸಸ್ ಅನ್ನುವ ರೋಮನ್ ಅಧಿಕಾರಿಯ ಸಮಾಧಿ. ಈಗ ನಿಂತಿರುವ ಮುಂಭಾಗ 1970ರ ದಶಕದಲ್ಲಿ ಬಿದ್ದ ಕಲ್ಲುಗಳನ್ನೇ ಜೋಡಿಸಿ ಎಬ್ಬಿಸಿದ್ದು. ಇದು ಬಂದರು ಪಟ್ಟಣ ಅನ್ನುವುದು ಈಗ ನಂಬುವುದಕ್ಕೆ ಕಷ್ಟ, ನದಿ ತಂದ ಹೂಳಿನಿಂದ ಸಮುದ್ರ ಕೆಲವು ಕಿ.ಮೀ. ದೂರ ಸರಿದಿದೆ. ದೊಡ್ಡ ರಂಗಮಂದಿರದ ಎದುರಿನ ಬೀದಿ ನೇರ ಹಳೆಯ ಬಂದರಿಗೇ ಇಳಿಯುತ್ತಿತ್ತು.

ಪಾಮುಕ್ಕಲೆಯಲ್ಲಿ ದಕ್ಷಿಣ ಗೇಟು ಕೇಳಿ. ಉತ್ತರ ಗೇಟಿನಿಂದ ಬೆಟ್ಟದ ಮೇಲಿನ ಪ್ರಾಚೀನ ಪಟ್ಟಣ ಹಿಯೆರಾಪೊಲಿಸ್‌ನ ಸ್ಮಶಾನದ ನಡುವೆ ಬಹಳ ದೂರ ನಡೆಯಬೇಕು, ಅಪ್ಪನಿಗೆ ಇಷ್ಟವಾಗಬಹುದು, ಅಮ್ಮನಿಗೆ ಬೇಡ. ಊರಿನ ಕಡೆಯ ಗೇಟಿನಿಂದ ಬರಿಗಾಲಲ್ಲಿ ಬಿಳಿ ಬೆಟ್ಟವನ್ನೇ ಹತ್ತಬೇಕು. ಬಿಳಿ ಕಲ್ಲಿನ ಮೇಲೆ ಚಪ್ಪಲಿ ನಿಷಿದ್ಧ, ಕೈಯಲ್ಲಿ ಹಿಡಿಯುವುದಕ್ಕೆ ಒಂದು ಚೀಲ ಇಟ್ಟುಕೊಳ್ಳಿ. ಹತ್ತಿಯಂತೆ ಕಂಡರೂ ಅದು ಗಟ್ಟಿ ಸುಣ್ಣಕಲ್ಲು, ಸಣ್ಣ ಸಣ್ಣ ಏಣುಗಳು ಪಾದಕ್ಕೆ ಒತ್ತುತ್ತವೆ. ಮೊದಲ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಸಾಕು, ನೀರು ಉಗುರುಬೆಚ್ಚಗೆ, ಬುಗ್ಗೆಯ ಹತ್ತಿರ ಸುಮಾರು 35 ಡಿಗ್ರಿ.

ಫೋಟೋದಲ್ಲಿ ಕಂಡಷ್ಟು ಕೊಳಗಳು ತುಂಬಿರುವುದಿಲ್ಲ, ಇದನ್ನು ಮೊದಲೇ ಎಲ್ಲರಿಗೂ ಹೇಳಿಡಿ. ನೀರನ್ನು ಸರದಿಯಂತೆ ಬೇರೆ ಬೇರೆ ತಟ್ಟುಗಳಿಗೆ ಬಿಡುತ್ತಾರೆ. ನೀರು ಹರಿದು ಇಂಗಾಲದ ಡೈಆಕ್ಸೈಡ್ ಹೊರಟುಹೋದಾಗ ಸುಣ್ಣ ತಳಕ್ಕೆ ಕೂರುತ್ತದೆ, ಆಮೇಲೆ ಒಣಗಿ ಗಟ್ಟಿಯಾಗಬೇಕು. ಸದಾ ಒದ್ದೆಯಿದ್ದರೆ ಪಾಚಿ ಕಟ್ಟಿ ಬಿಳಿ ಕೆಡುತ್ತದೆ. ಹಿಂದೆ ಮೇಲ್ಗಡೆಯೇ ಹೋಟೆಲುಗಳಿದ್ದವು, ಬುಗ್ಗೆಯ ನೀರನ್ನು ತಮ್ಮ ಈಜುಕೊಳಗಳಿಗೆ ತಿರುಗಿಸಿ ಕಲ್ಲು ಕಂದುಗಟ್ಟಿತ್ತು. 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಅವನ್ನು ಕೆಡವಿದರು.

ಕಪಡೋಕಿಯಾದಲ್ಲಿ ಭೂಗತ ನಗರವನ್ನು ಅಮ್ಮನ ಮಟ್ಟಿಗೆ ಕೈಬಿಡಿ. ದೆರಿನ್‌ಕುಯು ಸುಮಾರು 85 ಮೀಟರ್ ಆಳ, ಹಾದಿಗಳಲ್ಲಿ ಸೊಂಟ ಬಗ್ಗಿಸಿ ಮೆಟ್ಟಿಲಿಳಿಯಬೇಕು, ಎದುರಿನಿಂದ ಇನ್ನೊಂದು ಗುಂಪು ಬಂದರೆ ನಿಂತಲ್ಲೇ ನಿಲ್ಲಬೇಕು. ಗೋರೆಮೆ ಬಯಲು ಮ್ಯೂಸಿಯಂ ಏರುದಾರಿಯಾದರೂ ನಿಭಾಯಿಸಬಹುದು. ಅಲ್ಲಿ 'ಕತ್ತಲೆ ಚರ್ಚ್'ಗೆ ಟಿಕೆಟ್ ಬೇರೆ, ಆದರೂ ತಪ್ಪಿಸಬೇಡಿ. ಬೆಳಕು ಹೆಚ್ಚು ಬೀಳದೇ ಇದ್ದುದರಿಂದ ಗೋಡೆಯ ಚಿತ್ರಗಳ ಬಣ್ಣ ಇಂದಿಗೂ ದಟ್ಟವಾಗಿದೆ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಿ.

ಹಗಿಯಾ ಸೋಫಿಯಾದಲ್ಲಿ 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ ಮೇಲಿನ ಗ್ಯಾಲರಿ ಮಾತ್ರ, ಆಗ ನಿಗದಿಯಾದ ಶುಲ್ಕ 25 ಯೂರೋ. ಅಲ್ಲಿಗೆ ಹತ್ತಿಕೊಂಡೇ ಹೋಗಬೇಕು. ಸಿಸ್ಟರ್ನ್‌ಗೆ ಸುಮಾರು 50 ಮೆಟ್ಟಿಲು ಇಳಿಯಬೇಕು. ಎರಡನ್ನೂ ಒಂದೇ ಬೆಳಿಗ್ಗೆ ಹಾಕಬೇಡಿ, ನಡುವೆ ನೀಲಿ ಮಸೀದಿ ಮತ್ತು ಊಟ ಇರಲಿ. ಮಸೀದಿಗಳಿಗೆ ಹೆಂಗಸರು ತಲೆಗೆ ದುಪಟ್ಟಾ ಹೊದೆಯಬೇಕು, ನಮಾಜಿನ ಹೊತ್ತು ಪ್ರವಾಸಿಗರಿಗೆ ಪ್ರವೇಶವಿಲ್ಲ.

---

ಉಪ್ಪು_ಹುಳಿ

ಊಟದ್ದು ನಾನು ಹೇಳುತ್ತೇನೆ. ಟರ್ಕಿಯಲ್ಲಿ ಸಸ್ಯಾಹಾರ ಧಾರಾಳವಾಗಿದೆ, ತೊಂದರೆ ಇರುವುದು ಕಣ್ಣಿಗೆ ಕಾಣದ ಮಾಂಸದ ರಸದಲ್ಲಿ.

ಕೆಂಪು ಬೇಳೆಯ ಸೂಪ್, ಅವರ ಮೆರ್ಜಿಮೆಕ್ ಚೋರ್ಬಾ, ಎಲ್ಲ ಕಡೆ ಸಿಗುತ್ತದೆ. ಕೆಲವು ಕಡೆ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. 'ಎತ್ ಸುಯು ವಾರ್ ಮಿ' ಅಂತ ಕೇಳಿ, ಮಾಂಸದ ರಸ ಇದೆಯಾ ಅಂತ. ಅನ್ನವೂ ಅಷ್ಟೇ, ಪಿಲಾವ್‌ಗೆ ಕೋಳಿ ರಸ ಹಾಕುವುದು ಸಾಮಾನ್ಯ, ಅಲ್ಲಿ 'ತಾವುಕ್ ಸುಯು' ಅನ್ನಿ. ಬರೀ 'ಮಾಂಸ ಬೇಡ' ಅಂದರೆ ಕೋಳಿ ಬಂದೀತು, ಕೋಳಿ, ಮೀನು, ಮೊಟ್ಟೆ ಎಲ್ಲ ಹೆಸರಿಟ್ಟು ಹೇಳಿ: ತಾವುಕ್, ಬಾಲಿಕ್, ಯುಮುರ್ತಾ.

ಬದನೆಕಾಯಿಯಲ್ಲಿ ಒಂದೇ ಥರ ಕಾಣುವ ಎರಡು ಖಾದ್ಯಗಳಿವೆ. ಇಮಾಮ್ ಬಾಯಿಲ್ದಿಯಲ್ಲಿ ಈರುಳ್ಳಿ, ಟೊಮೆಟೊ, ಆಲಿವ್ ಎಣ್ಣೆ. ಕಾರ್ನಿಯಾರಿಕ್‌ನಲ್ಲಿ ಕೈಮಾ. ದ್ರಾಕ್ಷಿ ಎಲೆಯ ಸುರುಳಿಯೂ ಹಾಗೇ: ತಣ್ಣಗೆ, ನಿಂಬೆಹೋಳಿನ ಜೊತೆ ಬಂದರೆ ಸಾಮಾನ್ಯವಾಗಿ ಒಳಗೆ ಬರೀ ಅನ್ನ, ಬಿಸಿಯಾಗಿ ಮೊಸರಿನ ಜೊತೆ ಬಂದರೆ ಮಾಂಸ. ಮೆನುವಿನಲ್ಲಿ 'ಝೇಯ್ತಿನ್‌ಯಾಲಿ' ಅಂತ ಒಂದು ಗುಂಪೇ ಇರುತ್ತದೆ, ಆಲಿವ್ ಎಣ್ಣೆಯ ತರಕಾರಿ ಅಡುಗೆ. ಅಪ್ಪ-ಅಮ್ಮ ಅದರಲ್ಲೇ ಆರಿಸಿಕೊಳ್ಳಲಿ.

ದಾರಿಯ ಊಟಕ್ಕೆ ಗೊಜ್ಲೆಮೆ ಉತ್ತಮ. ತೆಳ್ಳಗೆ ಲಟ್ಟಿಸಿ, ಆಲೂಗೆಡ್ಡೆ ಅಥವಾ ಪಾಲಕ್ ಇಟ್ಟು ಮಡಚಿ, ಕಣ್ಣೆದುರೇ ಹೆಂಚಿನ ಮೇಲೆ ಬೇಯಿಸಿಕೊಡುತ್ತಾರೆ. ಬೋರೆಕ್‌ಗೆ ಮೇಲೆ ಮೊಟ್ಟೆ ಸವರಿರುತ್ತಾರೆ, ಬೇಡ. ಎಳ್ಳು ಹಚ್ಚಿದ ಸಿಮಿತ್ ಬಳೆಗಳನ್ನು ಅದ್ದುವುದು ದ್ರಾಕ್ಷಿ ಬೆಲ್ಲದ ನೀರಿನಲ್ಲಿ, ಅದು ಸರಿ. ಅಂಗಡಿಗಳ ಚಿಗ್ ಕೊಫ್ತೆ ಹೆಸರಿಗೆ ಕೊಫ್ತೆಯಾದರೂ ಗೋಧಿ ನುಚ್ಚು, ಮೆಣಸಿನಕಾಯಿಯದು, ನಮ್ಮ ನಾಲಿಗೆಗೆ ಹಿಡಿಸುವ ಖಾರ. ಚೀಸ್ ವಿಷಯದಲ್ಲಿ ತೀರಾ ಕಟ್ಟುನಿಟ್ಟಿದ್ದರೆ ಬಿಡಿ, ಪ್ರಾಣಿಜನ್ಯ ಹೆಪ್ಪು ಬಳಸುವುದುಂಟು.

ಮೊಸರು ಮಾತ್ರ ಎಲ್ಲೆಡೆ ಗಟ್ಟಿಯಾಗಿ, ಸೊಗಸಾಗಿ ಸಿಗುತ್ತದೆ. ಒಂದು ಕೆ.ಜಿ. ತೆಳು ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ತೆಗೆದುಕೊಂಡು ಹೋಗಿ. ಮೊಸರವಲಕ್ಕಿಗೆ ಒಲೆ ಬೇಡ, ಕೊನ್ಯಾದ ರಾತ್ರಿಗೆ ಅದೇ ಆಗುತ್ತದೆ.

---

ಹೊಯ್ಸಳ_ಹಾದಿ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ವಿಮಾನದ ಹೆಚ್ಚುವರಿ ದುಡ್ಡು ಕೊಟ್ಟರೆ ಕ್ರಮ ಬದಲಿಸುತ್ತೇವೆ ಅಂತ ಟೂರ್‌ನವರು ಒಪ್ಪಿದ್ದಾರೆ. ಅಮ್ಮ ಬಲೂನ್ ಹತ್ತಬಹುದಾ? ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ ಅಂತಾರೆ, ನಿಜವಾ? ವಿಮಾನದಲ್ಲಿ ಹೋದರೆ ಅಂಕಾರಾ ತಪ್ಪುತ್ತದೆ, ಆ ನಾಡಿನ ಪ್ರಾಚೀನ ಹಿಟ್ಟೈಟ್ ಸಾಮ್ರಾಜ್ಯದ್ದು ಏನೂ ನೋಡಲಾಗುವುದಿಲ್ಲ ಅಂತ ಅಪ್ಪನ ಕೊರಗು.

---

ಹೆದ್ದಾರಿ_ಹುಬ್ಬಳ್ಳಿ

ಬಲೂನ್ ಬುಟ್ಟಿ ಎದೆಮಟ್ಟ, ಹೊರಮೈಯಲ್ಲಿ ಕಾಲಿಡುವ ತೂತುಗಳಿರುತ್ತವೆ, ಅವನ್ನೇ ಮೆಟ್ಟಿ ಹತ್ತಿ ಒಳಗಿಳಿಯಬೇಕು. ಸುಮಾರು ಒಂದು ಗಂಟೆ ನಿಂತೇ ಇರಬೇಕು. ಇಳಿಯುವಾಗ ಮಂಡಿ ಬಗ್ಗಿಸಿ, ಒಳಗಿನ ಹಗ್ಗ ಹಿಡಿದು ಕುಕ್ಕರುಗಾಲಲ್ಲಿ ಕೂರಲೇಬೇಕು, ಗಾಳಿಯಿದ್ದರೆ ಬುಟ್ಟಿ ನೆಲಕ್ಕೆ ಬಡಿದು ಎಳೆಯುತ್ತದೆ. ಅಮ್ಮನಿಗೆ ಬೇಡ ಅನ್ನುವುದೇ ನನ್ನ ಸಲಹೆ. ಸೂರ್ಯೋದಯದ ಹೊತ್ತಿಗೆ ಕಣಿವೆಗೆ ಮುಖಮಾಡಿದ ತಾರಸಿ ಇರುವ ಹೋಟೆಲ್ ಕೇಳಿ, ಕೆಳಗಿನಿಂದ ನೂರಾರು ಬಲೂನ್ ಒಟ್ಟಿಗೆ ಏಳುವುದು ಕಾಣುತ್ತದೆ. ಊರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಆ ಹೊತ್ತಿಗೆ ಸ್ವೆಟರ್, ಕಿವಿಟೋಪಿ ಬೇಕೇ ಬೇಕು. ಹತ್ತುವವರು ತಮ್ಮ ಪ್ರಯಾಣ ವಿಮೆಯಲ್ಲಿ ಬಲೂನ್ ಸೇರಿದೆಯಾ ನೋಡಿಕೊಳ್ಳಿ.

ಇ-ವೀಸಾ ಎಲ್ಲ ಭಾರತೀಯರಿಗೂ ಇಲ್ಲ. ಷೆಂಗೆನ್ (ಯೂರೋಪಿನ ಹಲವು ದೇಶಗಳ ಒಂದೇ ವೀಸಾ ವಲಯ), ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್‌ನ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಪಾಸ್‌ಪೋರ್ಟಿನ ಜೊತೆ ಇರಬೇಕು, ಆ ದೇಶಗಳ ಇ-ವೀಸಾ ನಡೆಯುವುದಿಲ್ಲ. ಸಿಗುವುದು ಒಂದೇ ಪ್ರವೇಶಕ್ಕೆ, 30 ದಿನಕ್ಕೆ. ಅದಿಲ್ಲದಿದ್ದರೆ ವೀಸಾ ಅರ್ಜಿ ಕೇಂದ್ರದ ಮೂಲಕ ಸ್ಟಿಕ್ಕರ್ ವೀಸಾ. ನಿಮ್ಮಲ್ಲಿ ಇಬ್ಬರಿಗೆ ಷೆಂಗೆನ್ ಇದ್ದು ಅಪ್ಪ-ಅಮ್ಮನಿಗೆ ಇಲ್ಲದಿದ್ದರೆ ಅವರ ಅರ್ಜಿ ಮೊದಲು ಹಾಕಿ, ವೀಸಾ ಕೈಗೆ ಬಂದ ಮೇಲೆ ವಾಪಸಾಗದ ದುಡ್ಡು ಕಟ್ಟಿ.

---

ಶಾಸನಪ್ರಿಯ

ಅಪ್ಪನ ಕೊರಗು ನ್ಯಾಯವಾದದ್ದೇ. ಹಿಟ್ಟೈಟರ ರಾಜಧಾನಿ ಹತ್ತುಸಾ ಅಂಕಾರಾದಿಂದ ಪೂರ್ವಕ್ಕೆ ಸುಮಾರು 200 ಕಿ.ಮೀ., ಅಲ್ಲಿನ ಸಿಂಹದ್ವಾರ, ಯಾಜಿಲಿಕಾಯಾದ ಬಂಡೆಗೆ ಕೆತ್ತಿದ ದೇವರ ಸಾಲು ನೋಡುವುದಕ್ಕೆ ಇಡೀ ಒಂದು ದಿನ ಬೇಕು. ಅಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲೇ ಹಿಟ್ಟೈಟ್ ದೊರೆ ಮತ್ತು ನೆರೆಯ ಮಿತನ್ನಿ ರಾಜ್ಯದ ದೊರೆಯ ನಡುವಿನ ಕ್ರಿ.ಪೂ. 14ನೇ ಶತಮಾನದ ಒಪ್ಪಂದ ಇರುವುದು. ಸಾಕ್ಷಿಗಳಾಗಿ ಕರೆದ ಮಿತನ್ನಿ ಕಡೆಯ ದೇವತೆಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಆ ದೇಶದಲ್ಲಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ 9 ದಿನದಲ್ಲಿ ಅದನ್ನು ತುರುಕಬೇಡಿ. ಎರಡು ದಿನ ಹೆಚ್ಚಿಸಲಾಗುವುದಾದರೆ ಮಾತ್ರ ಅಂಕಾರಾದವರೆಗೆ ವೇಗದ ರೈಲು, ಕೋಟೆಯ ಬಳಿಯ ಅನಾಟೋಲಿಯಾ ನಾಗರಿಕತೆಗಳ ಮ್ಯೂಸಿಯಂ, ಮರುದಿನ ಹತ್ತುಸಾ, ಅಲ್ಲಿಂದ ಕಪಡೋಕಿಯಾ.

ಹೆಚ್ಚಿಸಲಾಗದಿದ್ದರೂ ದಾರಿ ಇದೆ. ಕೊನೆಯ ಸೋಮವಾರ ಟೋಪ್‌ಕಾಪಿಯ ಮೊದಲ ಅಂಗಳದಿಂದ ಇಳಿದರೆ ಇಸ್ತಾಂಬುಲ್ ಪುರಾತತ್ವ ಮ್ಯೂಸಿಯಂ. ಈಜಿಪ್ಟ್‌ನ ಎರಡನೇ ರಾಮ್ಸೆಸ್ ಮತ್ತು ಹಿಟ್ಟೈಟ್ ದೊರೆ ಮೂರನೇ ಹತ್ತುಸಿಲಿ ಮಾಡಿಕೊಂಡ ಕಾದೇಶ್ ಶಾಂತಿ ಒಪ್ಪಂದದ ಹಲಗೆ ಅದರ ಸಂಗ್ರಹದಲ್ಲಿದೆ. ಕ್ರಿ.ಪೂ. 13ನೇ ಶತಮಾನದ್ದು, ಅಕ್ಕಾಡಿಯನ್ ಭಾಷೆಯಲ್ಲಿ, ಬೆಣೆಲಿಪಿಯಲ್ಲಿ. ಅದು ಮುಖ್ಯ ಕಟ್ಟಡದಲ್ಲಲ್ಲ, ಎದುರಿನ ಪ್ರಾಚೀನ ಪೂರ್ವದೇಶಗಳ ವಿಭಾಗದ್ದು, ಆ ಕಟ್ಟಡ ದುರಸ್ತಿಗೆಂದು ಮುಚ್ಚಿರುವುದುಂಟು. ಆ ವಿಭಾಗ ಅವತ್ತು ತೆರೆದಿದೆಯಾ ಅಂತ ಗೈಡ್ ಕೈಲಿ ಹಿಂದಿನ ದಿನವೇ ಫೋನ್ ಮಾಡಿಸಿ. ತೆರೆದಿದ್ದರೆ ಟೋಪ್‌ಕಾಪಿಯ ಹರಮ್ ಭಾಗ ಬಿಟ್ಟಾದರೂ ಅಪ್ಪನಿಗೆ ಇಲ್ಲಿ ಎರಡು ಗಂಟೆ ಉಳಿಸಿಡಿ.